ನೂರಹನ್ನೆರಡನೆಯ ಪುಟ

"ಏಳನೇ ಕ್ಲಾಸು ದಾಟದ ಈ ದನ ಹೆಂಗಸಿನ ಹೆಸರಿಟ್ಕೊಂಡು ಹೊಲಸು ಕಾದಂಬರಿ ಬರೀತಾನೆ! ಇವನಿಗೆ ನನ್ನ ಮಗಳನ್ನ ಕೊಡಲ್ಲ!"

ಹೆಡ್ಮಾಸ್ಟರು ಚರ್ಚಿನ ಮೊದಲ ಬೆಂಚಿನಿಂದ ಎದ್ದು ನಿಂತು ಕೂಗಿದ್ದರು. ಪಾಸ್ಟರು ಆಗಷ್ಟೇ ಮದುವೆಯ ಮೂರನೆಯ, ಕೊನೆಯ ಪ್ರಕಟಣೆ ಓದಿ, ಯಾರದಾದರೂ ತಕರಾರಿದ್ದರೆ ಈಗಲೇ ಹೇಳಿ ಎಂದಿದ್ದರು. ಆ ಮಾತು ಬರೀ ಶಾಸ್ತ್ರಕ್ಕೆ. ಇಪ್ಪತ್ತು ವರ್ಷದಲ್ಲಿ ಯಾರೂ ಬಾಯಿ ತೆರೆದವರಿಲ್ಲ. ಈಗ ತೆರೆದವರು ಹೆಣ್ಣಿನ ಅಪ್ಪನೇ.

ಹಾಡುವವರ ಸಾಲಿನಲ್ಲಿ ನಿಂತಿದ್ದ, ಮದುಮಗನಾಗಬೇಕಿದ್ದ ವೆಲ್ಡರನ ಕಿವಿ ಕಾದ ಕಬ್ಬಿಣದಂತೆ ಕೆಂಪಾಯಿತು. ಚರ್ಚಿನ ಗೇಟು ಬೆಸೆದವನು ಅವನೇ, ಅದೂ ಪುಕ್ಕಟೆಯಾಗಿ. ಈ ಹೊತ್ತಿನಲ್ಲಿ ಅದು ಯಾರಿಗೂ ನೆನಪಾದಂತೆ ಕಾಣಲಿಲ್ಲ.

ತಪ್ಪು ಅವನದೇ. ಅಥವಾ ಅವನ ಭಕ್ತಿಯದು. ಸುಳ್ಳಿನ ಮೇಲೆ ಸಂಸಾರ ಹೂಡಬಾರದೆಂದು ಹಿಂದಿನ ದಿನ ಸಂಜೆ ಭಾವಿ ಮಾವನ ಮನೆಗೆ ಹೋಗಿದ್ದ. ಅವರು ಚರ್ಚಿನ ವಾರಪತ್ರಿಕೆಯನ್ನು ಮುಂದಿಟ್ಟುಕೊಂಡು ಅಲ್ಪವಿರಾಮಗಳನ್ನು ಸರಿಪಡಿಸುತ್ತಿದ್ದರು. ನಿವೃತ್ತಿಯಾಗಿ ಐದು ವರ್ಷವಾದರೂ ತಪ್ಪು ಕಂಡರೆ ಅವರ ಕೈ ತುರಿಸುತ್ತಿತ್ತು.

"ಮಾವ, ಹೆಂಗಸಿನ ಹೆಸರಲ್ಲಿ ಆ ಪ್ರೇಮ, ಕೊಲೆ, ಪತ್ತೇದಾರಿ ಕಾದಂಬರಿಗಳು ಬರ್ತಾವಲ್ಲ, ಅದನ್ನೆಲ್ಲ ಬರೆಯೋದು ನಾನೇ."

ಹೆಡ್ಮಾಸ್ಟರ ಮುಖ ಸುಣ್ಣ ಬಳಿದಂತಾಯಿತು.

"ನಮ್ಮ ಪ್ರಕಾಶಕರೂ ಮದುವೆಗೆ ಬರ್ತಾರೆ. ನಿಮಗೆ ಪರಿಚಯ ಮಾಡಿಸ್ತೀನಿ."

ಅವರ ಕೈಯ ಚಹಾ ತೊಡೆಯ ಮೇಲೆ ಚೆಲ್ಲಿತು. ಪಾಪ, ಎಂಥ ಸೂಕ್ಷ್ಮ ಮನಸ್ಸು ಎಂದುಕೊಂಡು ವೆಲ್ಡರ್ ಒರೆಸಲು ಬಟ್ಟೆ ಹುಡುಕಿದ್ದ.

ನಿಜ ಹೇಳಬೇಕೆಂದರೆ, ಆ ಕಾದಂಬರಿಗಳಲ್ಲಿದ್ದ ಹೊಲಸು ವೆಲ್ಡರನದಲ್ಲ. ಬೆಳಗ್ಗೆ ಬೈಬಲ್ ಓದಿ ಮುಗಿಸಿಯೇ ಅವನು ಪೆನ್ನು ಹಿಡಿಯುತ್ತಿದ್ದ. ಕೊಲೆಗೆ ಅಡ್ಡಿಯಿರಲಿಲ್ಲ, ಬೈಬಲಿನಲ್ಲೂ ಬೇಕಾದಷ್ಟಿವೆ. ಆದರೆ ನಾಯಕ ನಾಯಕಿಯ ಬೆರಳು ಮುಟ್ಟಿದರೆ ಸಾಕು, ವೆಲ್ಡರ್ ಗಾಬರಿಯಿಂದ ಕೋಣೆಯ ಬಾಗಿಲು ಮುಚ್ಚಿ ಅಧ್ಯಾಯ ಮುಗಿಸುತ್ತಿದ್ದ.

ಆ ಬಾಗಿಲನ್ನು ಮತ್ತೆ ತೆರೆಯುತ್ತಿದ್ದವನು ಕರಡು ತಿದ್ದುವವನು. ದೂರದ ಊರಿನ ಪ್ರಕಾಶಕರು ಹಸ್ತಪ್ರತಿಯನ್ನು ಮೊದಲು ಆ ಮಹಾಶಯನಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಅವನು ಕಾಗುಣಿತ ತಿದ್ದುವ ನೆಪದಲ್ಲಿ ಪುಟದ ಅಂಚಿಗೆಲ್ಲ ಮುತ್ತು, ಅಪ್ಪುಗೆ, ಬಿಸಿಯುಸಿರು ತುಂಬುತ್ತಿದ್ದ. ಕೊನೆಯ ಸಲ ನೋಡಲೆಂದು ಕಟ್ಟು ವೆಲ್ಡರನ ಕೈಗೆ ಬರುವಷ್ಟರಲ್ಲಿ ಹಾಳೆಗಳೇ ಬೆವರುತ್ತಿದ್ದವು.

"ಯಾರ್ರೀ ಅವನು?" ಎಂದು ಹೊಸ ಕಾದಂಬರಿಯ ಕಟ್ಟು ಬಂದಾಗ ವೆಲ್ಡರ್ ಪ್ರಕಾಶಕರಿಗೆ ಫೋನಿನಲ್ಲಿ ಗುಡುಗಿದ್ದ.

"ಹೆಸರು ಮಾತ್ರ ಕೇಳ್ಬೇಡಪ್ಪ. ಜನ ನಿನ್ನ ಕೊಲೆ ಓದ್ತಾರೆ, ಆ ತಿದ್ದುವವರ ಮುತ್ತುಗಳಿಗೆ ಕಾಯ್ತಾರೆ. ಅಷ್ಟು ಉರಿ ಇದ್ರೆ ಒಂದೇ ಒಂದು ವಾಕ್ಯ ಹೊಡೆದುಹಾಕು. ಉಳಿದದ್ದು ಮುಟ್ಟಬೇಡ."

ವೆಲ್ಡರ್ ನೂರಹನ್ನೆರಡನೆಯ ಪುಟದ ಒಂದು ವಾಕ್ಯ ಆರಿಸಿಕೊಂಡ. ನಾಯಕಿಯ ಕೊರಳ ಕೆಳಗಿನ ಮಚ್ಚೆಯ ವರ್ಣನೆ. ಅಷ್ಟೇ ಆಗಿದ್ದರೆ ಹಲ್ಲು ಕಚ್ಚಿ ಸಹಿಸುತ್ತಿದ್ದನೇನೋ, ಆ ಪಾಪಿ, ಬೈಬಲಿನಲ್ಲಿ ಜ್ಞಾನಿಗಳಿಗೆ ದಾರಿ ತೋರಿದ ಮೂಡಣದ ನಕ್ಷತ್ರವನ್ನೂ ಅಲ್ಲಿಗೆ ಎಳೆದು ತಂದಿದ್ದ! ಕಾಗದ ಹರಿಯುವಂತೆ ಗೀಚಿದ. ಆ ವಾಕ್ಯ ಅಚ್ಚಿನ ಮುಖ ಕಾಣಲಿಲ್ಲ. ಗೀಚುವಾಗ ಸಿನಿಮಾ ಹುಚ್ಚಿನ, ಹಣೆ ಮೇಲೆ ಕೂದಲು ಬಿಟ್ಟ, ಕೆಲಸಕ್ಕೆ ಬಾರದ ಒಬ್ಬ ಪಡ್ಡೆಯನ್ನು ಕಲ್ಪಿಸಿಕೊಂಡು ಮನಸಾರೆ ಶಪಿಸಿದ. ಆಮೇಲೆ ಮೊಣಕಾಲೂರಿ, ಶಪಿಸಿದ್ದಕ್ಕೆ ಕ್ಷಮೆ ಕೇಳಿದ.

ಈಗ ಪಾಸ್ಟರು ಕೈ ಎತ್ತಿದರು. "ಹೆಡ್ಮಾಸ್ಟರೇ, ಆಮೇಲೆ ಒಳಗೆ ಕೂತು ಮಾತಾಡೋಣ."

"ಯಾಕೆ? ಸಭೆ ಕೇಳಲಿ! ಎಂಥವನನ್ನ ಹಾಡೋಕೆ ನಿಲ್ಲಿಸಿದ್ದೀರಿ ಅಂತ ತಿಳೀಲಿ!" ಹೆಡ್ಮಾಸ್ಟರು ಕೋಟಿನ ಜೇಬಿನಿಂದ ಕಾದಂಬರಿ ತೆಗೆದರು. ಹೊಸ ಪುಸ್ತಕ, ಆದರೂ ಬೆನ್ನು ಸಡಿಲಾಗಿತ್ತು. ನೂರಹನ್ನೆರಡನೆಯ ಪುಟಕ್ಕೆ ಅದು ತಾನಾಗಿಯೇ ತೆರೆದುಕೊಂಡಿತು.

ಸಭೆ ಛೀ ಎಂದಿತು. ಛೀ ಎನ್ನುತ್ತಲೇ ಮುಂದಕ್ಕೆ ಬಾಗಿತು.

"'ದೀಪ ಆರಿತು. ಅವನು ಅವಳನ್ನು ಬರಸೆಳೆದುಕೊಂಡ...'"

"ಸ್ವಲ್ಪ ಜೋರಾಗಿ ಓದಪ್ಪಾ," ಕೊನೆಯ ಬೆಂಚಿನ ಅಜ್ಜಿ ಕೂಗಿದಳು. "ಹಿಂದಿನವರಿಗೆ ಏನೂ ಕೇಳಿಸ್ತಿಲ್ಲ. ಪಾಪ ಯಾವುದು ಅಂತ ಗೊತ್ತಾಗೋದು ಬೇಡ್ವಾ?"

ಹೆಡ್ಮಾಸ್ಟರು ಸ್ವರ ಏರಿಸಿದರು. "'ಅವಳ ಉಸಿರು ಅವನ ಕಿವಿಯಲ್ಲಿ ಬಿಸಿಬಿಸಿಯಾಗಿ ಸುಳಿಯಿತು...'" ಓದುತ್ತ ಓದುತ್ತ ದನಿಗೆ ಒಂದು ರಾಗ ಬಂತು. ಪುಸ್ತಕ ಹಿಡಿದ ಕೈ ಮೆಲ್ಲಗೆ ಕೆಳಗಿಳಿಯಿತು. ಕಣ್ಣುಗಳು ಮುಚ್ಚಿಕೊಂಡವು. "'ಕೊರಳ ಕೆಳಗಿನ ಆ ಒಂಟಿ ಮಚ್ಚೆ ಅವನ ತುಟಿಗಳನ್ನು ನಡೆಸಿದ ಮೂಡಣದ ನಕ್ಷತ್ರವಾಯಿತು.'"

ವೆಲ್ಡರ್ ತಟ್ಟನೆ ತಲೆಯೆತ್ತಿದ.

"ಹೇಳೋ!" ಹೆಡ್ಮಾಸ್ಟರು ಕಣ್ಣು ತೆರೆದು ಗರ್ಜಿಸಿದರು. "ಇದನ್ನ ಬರೆದ ಕೈ ಯಾವುದು? ದೇವರ ಮುಂದೆ ಹೇಳು!"

ವೆಲ್ಡರನ ಮುಷ್ಟಿ ಬಿಗಿಯಿತು. ಮೊದಲ ಬೆಂಚಿನಲ್ಲಿ ಹೆಡ್ಮಾಸ್ಟರ ಮಗಳು ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವಳನ್ನು ನೋಡಿ ಮುಷ್ಟಿ ಸಡಿಲವಾಯಿತು. ಅವನು ಸಾಲು ಬಿಟ್ಟು ಕೆಳಗಿಳಿದ. ಹೆಡ್ಮಾಸ್ಟರ ಕೈಯಿಂದ ಪುಸ್ತಕ ತೆಗೆದುಕೊಂಡು, ಅದೇ ಪುಟ ತೆರೆದು, ಅವಳ ಮಡಿಲಲ್ಲಿಟ್ಟ. ಬಾಗಿಲ ಕಡೆ ನಡೆದ.

"ನೋಡಿ, ನೋಡಿ! ಉತ್ತರ ಕೊಡೋ ಮುಖ ಇದೆಯಾ ಇವನಿಗೆ?"

ತಾನೇ ಬೆಸೆದ ಗೇಟಿನ ಅಗುಳಿಗೆ ಕೈ ಹಾಕುವ ಹೊತ್ತಿಗೆ, ಒಳಗಿನಿಂದ ಅವಳ ದನಿ ಸ್ಪಷ್ಟವಾಗಿ ಕೇಳಿಸಿತು. ವೆಲ್ಡರ್ ಹಿಂತಿರುಗಿ ನೋಡದೆ ನಡೆಯುತ್ತಲೇ ಹೋದ.

"ಅಪ್ಪಾ, ಇದರಲ್ಲಿ ಮಚ್ಚೆನೇ ಇಲ್ವಲ್ಲ?"