ಮೊದಲ ಹಾಲು

ಮರಳೂರಿನ ಈ ಮನೆಯಲ್ಲಿ ಏಲಕ್ಕಿ ಬೆರೆತ ಗಿಣ್ಣಿನ ವಾಸನೆ ಬಂದರೆ ಚಿಕ್ಕಂದಿನಲ್ಲಿ ಕಡಬ ಊರಿನ ಮನೆಯಲ್ಲಿ ಕಂಡ ಆ ಮಧ್ಯಾಹ್ನ ಕಣ್ಣೆದುರು ನಿಲ್ಲುತ್ತದೆ.

ಬೆಳಿಗ್ಗೆ ಹುಟ್ಟಿದ ಕರು ಗೋಣಿಚೀಲದ ಮೇಲೆ ಏಳಲಾರದೆ ಬಿದ್ದಿತ್ತು. ನಾನು ಬೆರಳು ಕೊಟ್ಟರೂ ಚೀಪಲಿಲ್ಲ, ಬಾಯಿ ತಣ್ಣಗಿತ್ತು. ಪಕ್ಕದಲ್ಲೇ ಹಸುವಿನ ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕುತ್ತಿತ್ತು.

ಅಮ್ಮ ತಂಬಿಗೆ ಹಿಡಿದು ಹಾಲು ಕರೆಯಲು ಬಂದಳು. ಅಜ್ಜಿ ಅಡ್ಡ ನಿಂತರು.

“ಹಸೂ ಹೊಟ್ಟೇಲಿರೋ ಮಾಸು ಬೀಳೋಗಂಟ ಕರೂಗೆ ಹಾಲು ಕೊಡಬಾರ್ದು ಕಣೇ. ಜೀರ್ಣ ಆಗಕಿಲ್ಲ.”

ಎಂದೂ ಎದುರಾಡದ ಅಮ್ಮ ಅವತ್ತು ಹಿಂದೆ ಸರಿಯಲಿಲ್ಲ. “ನನ್ನ ಮೊದಲ್ನೇ ಮಗೂಗೂ ಹಿಂಗೇ ಅಂದ್ರಿ ಅತ್ತೆ. ನನ್ನ ಹಾಲು ಹಿಂಡಿ ಚೆಲ್ಲಿಸಿದ್ರಿ. ಅದು ಉಳೀಲಿಲ್ಲ.”

ಅಜ್ಜಿ ಪಕ್ಕಕ್ಕೆ ಸರಿದರು. ಅಮ್ಮ ಹಳದಿ ಹಾಲು ಕರೆದು, ಕರುವಿನ ಬಾಯಿಗೆ ಸ್ವಲ್ಪಸ್ವಲ್ಪವೇ ಬಿಟ್ಟಳು. ಬಹಳ ಹೊತ್ತಿನ ಮೇಲೆ ಅದರ ಗಂಟಲು ಆಡಿತು.

ಅಮ್ಮನ ಮೊದಲನೇ ಮಗು ನಾನೇ ಎಂದು ಅಲ್ಲಿಯವರೆಗೂ ತಿಳಿದಿದ್ದೆ.