ಗಂಧಕದ ಬೆಲೆ

ಬೇಕೆಂದೇ ಅಲ್ಲಿಟ್ಟರೋ, ಕೈ ಸೋತು ಅಲ್ಲಿಗೆ ಹೋಯಿತೋ? ಬಸವಕುಮಾರ್ ತನ್ನ ಅಪ್ಪ ದೇವೀರಪ್ಪನವರ ಮುಖ ನೋಡಿದ. ಲಕ್ವ ಹೊಡೆದ ಮೇಲೆ ಆ ಮುಖದಿಂದ ಏನೂ ತಿಳಿಯುತ್ತಿರಲಿಲ್ಲ. ಬಿದ್ದ ಕವಡೆಗೆ ಅವರ ಕಾಯಿ ಆಟದ ರಟ್ಟಿನ ನಡುವಿನ ಕುಲುಮೆಯ ಹತ್ತಿರ ಬರಬಹುದಿತ್ತು. ಅವರು ಎಡಗೈಯಿಂದ ಅದನ್ನು ಹಿಂದಿನ ಮೂಲೆಗೆ ತಳ್ಳಿ, ಅಲ್ಲಿದ್ದ ಕಡಲೆಬೇಳೆ ಎತ್ತಿ ತೊಡೆಯ ಪಕ್ಕ ಇಟ್ಟುಕೊಂಡರು.

ಆಟವನ್ನು ಅವನೇ ರಟ್ಟಿನ ಮೇಲೆ ಬರೆದಿದ್ದ, ಕಾಲೇಜಿನಲ್ಲಿ ತನ್ನ ಪಿಯುಸಿ ಹುಡುಗರಿಗೆ ರಸಾಯನಶಾಸ್ತ್ರದ ಬೇಸರ ಕಳೆಯಲೆಂದು. ಆಡುವವರೆಲ್ಲ ಒಬ್ಬ ರಸಸಿದ್ಧನ ಶಿಷ್ಯರು. ಯಾವ ದಿಕ್ಕಿಗಾದರೂ ನಡೆದು ಪಾದರಸ, ಗಂಧಕ ಕೂಡಿಸಬೇಕು. ಎರಡನ್ನೂ ಹಿಡಿದು ಮೊದಲು ಕುಲುಮೆ ಮುಟ್ಟಿದವನು ಚಿನ್ನ ಮಾಡಿದ ಹಾಗೆ. ಪಾದರಸಕ್ಕೆ ಅಂಗಿಯ ಬಿಳಿ ಗುಂಡಿ, ಗಂಧಕಕ್ಕೆ ಕಡಲೆಬೇಳೆ. ಶಿಷ್ಯರು ಬೇಕಾದರೆ ತಮ್ಮತಮ್ಮಲ್ಲಿ ಅದಲುಬದಲು ಮಾಡಿಕೊಳ್ಳಬಹುದು.

"ಮಾತು ಹೋಗಿದೆ. ತಿಳಿವಳಿಕೆ ಎಷ್ಟು ಉಳಿದಿದೆ ಅಂತ ನೀವೇ ಮನೇಲಿ ನೋಡ್ಕೋಬೇಕು" ಎಂದಿದ್ದರು ಹಾಸನದ ಡಾಕ್ಟರು. ನಾಳೆ ಕಣಕಟ್ಟೆಯಿಂದ ಸೋದರಮಾವ ಸಿದ್ದಬಸಪ್ಪ, ಅಪ್ಪನ ಕೊಬ್ಬರಿ ಮಂಡಿ ಕೊಳ್ಳುವವರನ್ನು ಕರೆದುಕೊಂಡು ಬರುವವರಿದ್ದರು. ಅಪ್ಪನಿಗೆ ತಿಳಿವಳಿಕೆ ಇಲ್ಲವೆಂದಾದರೆ, ಅವರು ಅರಸೀಕೆರೆಯಲ್ಲಿ ಕೂತು ಕಟ್ಟಿದ ಮಂಡಿ ಅವರನ್ನು ಕೇಳದೆಯೇ ಕೈಬಿಟ್ಟು ಹೋಗುತ್ತಿತ್ತು. ಅದನ್ನು ತಿಳಿಯಲೆಂದೇ ಈ ಆಟ.

"ಅಪ್ಪಾ, ಆ ಕಡೆ ಅಲ್ಲ. ಕುಲುಮೆ ಇಲ್ಲೈತೆ ನೋಡಿ."

ದೇವೀರಪ್ಪನವರು ಮತ್ತೆ ಕವಡೆ ಹಾಕಿದರು. ಇನ್ನೊಂದು ಮೂಲೆಗೆ ಹೋದರು. ಅಲ್ಲಿಯ ಬೇಳೆಯೂ ತೊಡೆಯ ಪಕ್ಕ ಸೇರಿತು.

ವಿಶಾಲಮ್ಮ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. "ಯಾಕೋ ಅವ್ರನ್ನ ಹಿಂಗೆ ಗೋಳು ಹೊಯ್ಕೊಳ್ತೀಯ? ಬೇಳೆ ಬಾಯಿಗೆ ಹಾಕ್ಕೊಂಡಾರು."

"ಹಾಕ್ಕೊಳ್ಳಲ್ಲ, ಸುಮ್ನಿರಮ್ಮ."

"ಮೊನ್ನೆ ವಿಭೂತಿ ಗಟ್ಟಿ ಕಚ್ಚಿರ್ಲಿಲ್ವ?"

ಬಸವಕುಮಾರ್ ತನ್ನ ಕಾಯಿ ನಡೆಸಿದ. ಕುಲುಮೆಯ ಬಾಗಿಲಿಗೆ ಬಂದಾಗ ಅವನ ಹತ್ತಿರ ಗುಂಡಿಗಳು ಬೇಕಾದಷ್ಟಿದ್ದವು. ಬೇಳೆಗಾಗಿ ನೋಡಿದರೆ ರಟ್ಟಿನ ಮೇಲೆ ಒಂದೂ ಉಳಿದಿರಲಿಲ್ಲ. ಎಲ್ಲವೂ ಅಪ್ಪನ ಪಕ್ಕದಲ್ಲಿ ಗುಡ್ಡೆಯಾಗಿದ್ದವು. ಅಪ್ಪನ ಹತ್ತಿರ ಗುಂಡಿ ಒಂದೂ ಇರಲಿಲ್ಲ. ಇದು ಆಟವೇ ಅಲ್ಲ, ಹಳದಿ ಬಣ್ಣ ಕಂಡು ಕೈ ಹೋಗಿದೆ ಅಷ್ಟೆ, ಅಂದುಕೊಂಡ.

"ಸಾಕು ಬಿಡಿ ಅಪ್ಪಾ" ಎನ್ನುತ್ತ ರಟ್ಟು ಮಡಚಲು ಕೈ ಚಾಚಿದ.

ದೇವೀರಪ್ಪನವರು ಹೆಗಲ ಮೇಲಿನ ಟವೆಲ್ಲನ್ನು ಎಡಗೈಯಿಂದ ಎಳೆದು ಅವನ ಕೈ ಮೇಲೆ ಹಾಕಿದರು. ಆಮೇಲೆ ತಮ್ಮ ಕೈಯನ್ನೂ ಅದರ ಕೆಳಗೆ ತೂರಿಸಿದರು.

ಬಸವಕುಮಾರನಿಗೆ ಆಗ ಹೊಳೆಯಿತು. ಅಪ್ಪನ ಕಾಲದ ವ್ಯಾಪಾರಿಗಳು ದರ ಕುದುರಿಸುತ್ತಿದ್ದದ್ದು ಹೀಗೆ, ಸುತ್ತ ನಿಂತವರಿಗೆ ಕಾಣದಂತೆ, ಟವೆಲ್ಲಿನ ಕೆಳಗೆ ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು. ಹಿಡಿದಷ್ಟು ಬೆರಳು, ಅಷ್ಟು ಬೆಲೆ. ಚಿಕ್ಕಂದಿನಿಂದ ಅವನು ಅದನ್ನು ದೂರದಿಂದ ನೋಡಿದ್ದ. "ನಿಂದು ಓದೋ ಕೈ" ಎಂದು ಅಪ್ಪ ಅವನನ್ನು ಹತ್ತಿರ ಸೇರಿಸುತ್ತಿರಲಿಲ್ಲ.

ಈಗ ಅವನ ಎರಡು ಬೆರಳುಗಳನ್ನು ಅಪ್ಪ ಒಟ್ಟಿಗೆ ಹಿಡಿದರು. ಅವರ ಮುಖ ಅವನ ಗುಂಡಿಗಳ ಕಡೆ ತಿರುಗಿತು, ಆಮೇಲೆ ಬೇಳೆಯ ಕಡೆ.

"ಒಂದು ಬೇಳೆಗೆ ಎರಡು ಗುಂಡಿನಾ? ಅನ್ಯಾಯ ಅಪ್ಪಾ." ಅವನು ಅಪ್ಪನ ಒಂದೇ ಬೆರಳು ಹಿಡಿದ.

ದೇವೀರಪ್ಪನವರು ಕೈ ಕೊಡವಿಕೊಂಡರು. ಗಿರಾಕಿಯೇ ಎದುರಿಗಿಲ್ಲವೆಂಬಂತೆ ಗೋಡೆ ನೋಡುತ್ತ ಕೂತರು. ಸ್ವಲ್ಪ ಹೊತ್ತಿಗೆ ಟವೆಲ್ಲಿನ ಕೆಳಗೆ ಮತ್ತೆ ಬಂದ ಕೈ ಅವನ ಮೂರು ಬೆರಳುಗಳನ್ನು ಹಿಡಿಯಿತು.

"ಏರಿಸ್ತೀರಾ?" ಬಸವಕುಮಾರನ ದನಿ ಒಡೆಯಿತು.

"ಏನಾಯ್ತೋ?" ವಿಶಾಲಮ್ಮ ಗಾಬರಿಯಿಂದ ಹತ್ತಿರ ಬಂದರು.

"ಗಂಧಕ ಎಲ್ಲ ಹಿಡಿದಿಟ್ಕೊಂಡವ್ರೆ ಕಣಮ್ಮ. ದರ ಏರ್ಲಿ ಅಂತ."

ವಿಶಾಲಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. "ಕೊಬ್ಬರೀಗೂ ಹಂಗೇ ಮಾಡೋರು" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗುತ್ತಿದ್ದರೋ ಅಳುತ್ತಿದ್ದರೋ ಗೊತ್ತಾಗಲಿಲ್ಲ. "ಕೊಟ್ಬಿಡೋ, ಕೇಳಿದಷ್ಟು ಕೊಟ್ಬಿಡು."

"ಹಂಗೆ ಕೊಟ್ರೆ ಅವ್ರಿಗೇ ಬೇಜಾರಾಗ್ತದೆ, ಸುಮ್ನಿರು."

ತುಂಬಾ ಹೊತ್ತು ಕುದುರಿಸಿ ಎರಡಕ್ಕೆ ಒಪ್ಪಿದರು. ವ್ಯಾಪಾರ ಮುಗಿದ ಮೇಲೂ ಅಪ್ಪ ಬೆರಳು ಬಿಡಲಿಲ್ಲ. ಅವನೂ ಎಳೆದುಕೊಳ್ಳಲಿಲ್ಲ.

ಸಂಜೆ ಕಣಕಟ್ಟೆಗೆ ಫೋನ್ ಮಾಡಿದ. "ಮಾವ, ನಾಳೆ ಮಂಡಿ ಕೊಳ್ಳೋರನ್ನ ಕರ್ಕೊಂಡು ಬರಬ್ಯಾಡಿ."

"ಯಾಕ್ಲಾ? ಭಾವಂಗೆ ಕಾಯಿಲೆ ಜೋರಾಯ್ತಾ?"

"ಹೂಂ, ಜೋರಾಗೇ ಅವ್ರೆ. ಮಂಡಿ ವಿಷಯ ಅಪ್ಪನ ಹತ್ರಾನೇ ಮಾತಾಡಿ. ಬರೋವಾಗ ಹೆಗಲಿಗೊಂದು ಟವೆಲ್ ಹಾಕ್ಕೊಂಡು ಬನ್ನಿ."

ಫೋನ್ ಇಟ್ಟು ತಿರುಗಿದ. ಅಪ್ಪ ಮಂಚದ ಮೇಲೆ ಗೋಡೆಗೊರಗಿ ಅವನನ್ನೇ ನೋಡುತ್ತಿದ್ದರು. ಹೋದ ವಾರ ಇದೇ ಮಂಚದ ಅಂಚಿನಲ್ಲಿ ಕೂತು ಮಾವ, "ಭಾವಂಗೆ ಇನ್ನೇನು ತಿಳೀತದೆ, ಮಾರಿಬಿಡಾಣ" ಎಂದಿದ್ದರು. "ಆಗ್ಲಿ ಮಾವ" ಎಂದದ್ದು ಬಸವಕುಮಾರ್. ಆಗಲೂ ಅಪ್ಪನ ಕಣ್ಣು ತೆರೆದೇ ಇತ್ತು.

ಅದು ಕೇಳಿಸಿತ್ತೇ ಎಂದು ಅವನು ಅಪ್ಪನನ್ನು ಯಾವತ್ತೂ ಕೇಳಲಿಲ್ಲ. ತಪ್ಪಾಯಿತು ಎಂದೂ ಹೇಳಲಿಲ್ಲ.