ಆರನೆಯ ಕೆಂಡ

ಒಲೆಯಲ್ಲಿ ಐದು ಕೆಂಡಗಳಿದ್ದವು, ಆರನೆಯದು ಇನ್ನೂ ಬಂದಿರಲಿಲ್ಲ. ಸಹಕಾರ ಸಂಘದ ಸಾಲುಮನೆಯಲ್ಲಿ ಯಾರೇ ಮನೆ ಕೊಳ್ಳಲಿ, ಉಳಿದ ಆರೂ ಮನೆಯವರು ಅವರ ಒಲೆಗೆ ಒಂದೊಂದು ಕೆಂಡ ತಂದು ಹಾಕಬೇಕು. ಒಬ್ಬರು ತರದಿದ್ದರೂ ಮನೆ ಸಿಗದು. ರೈಲಿನವರು ಬಂದು ತುಂಬಿಕೊಂಡ ಬೀರೂರಿನಲ್ಲಿ ಹಾಲಮ್ಮನ ಕೈಗೆಟಕುವ ಮನೆ ಇದೊಂದೇ.

ಅವಳ ಗಂಡ ಪ್ಲೇಗಿನಲ್ಲಿ ಹೋಗಿದ್ದು ಎಲ್ಲರಿಗೂ ಗೊತ್ತಿತ್ತು. ಮಡಿಲಲ್ಲಿದ್ದ ಮಗಳು ಕೆಮ್ಮಿದಾಗಲೆಲ್ಲ, ಯಾರಿಗಾದರೂ ಕೇಳಿಸೀತೆಂದು ಹಾಲಮ್ಮ ಸೆರಗಿನಿಂದ ಮಗುವಿನ ಬಾಯಿ ಮುಚ್ಚುತ್ತಿದ್ದಳು.

ಬಾಗಿಲಲ್ಲಿ ನೆರಳು ಬಿತ್ತು. ಆರನೆಯ ಮನೆಯ ಮುದುಕಿ ಗುರುಸಿದ್ದಮ್ಮ. ಕೈಯಲ್ಲಿದ್ದ ತೆಂಗಿನ ಚಿಪ್ಪು ಖಾಲಿ! ಹಾಲಮ್ಮ ಕೂಸಿನ ಬಾಯಿಯನ್ನು ಇನ್ನೂ ಬಿಗಿಯಾಗಿ ಮುಚ್ಚಿದಳು.

"ಬರೀ ನೆಗಡಿ ಕಣವ್ವಾ, ಪ್ಲೇಗಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ..."

"ಯಾರಂದ್ರೇ ಪ್ಲೇಗು ಅಂತ? ಮೊದ್ಲು ಆ ಕೂಸಿನ ಬಾಯಿ ಬಿಡು, ಉಸ್ರು ಕಟ್ಟೀತು!" ಗದರಿದ ಮುದುಕಿ ಒಲೆಯ ಬಳಿ ಕುಕ್ಕರುಗಾಲಲ್ಲಿ ಕೂತು, ಖಾಲಿ ಚಿಪ್ಪನ್ನು ಮುಂದೆ ಚಾಚಿದಳು. "ಕೂಸು ಕೆಮ್ಮೋದು ಕೇಳಿ ಅದಕ್ಕೆ ಮೆಣಸಿನ ಕಷಾಯ ಕಾಸಾಣ ಅಂತ ಹೋದ್ರೆ ನನ್ನ ಒಲೆ ಆರೋಗಿತ್ತು. ಒಂದು ಕೆಂಡ ಕೊಡೇ. ನೆರೆಮನೇಲಿ ಕೇಳ್ದೆ ಇನ್ನೆಲ್ಲಿ ಕೇಳ್ಲಿ?"